ಗಣಕಯಂತ್ರದ ಮೃಗಾಲಯ ಮತ್ತು ಬಂಡೀಪುರದ ಬೇಲಿ

ಮೃಗಗಳನ್ನು ಒಂದೆಡೆ ಕೂಡಿಹಾಕಿ ನೋಡಿ ಸಂತೋಷಪಡುವ ಪರಿಪಾಠವು ಇಂದು ನಿನ್ನೆಯದಲ್ಲ. ಅರಸೊತ್ತಿಗೆಯ ಕಾಲದಲ್ಲಿ ಅದು ಅರಮನೆಯ ವೈಭವದ ಒಂದು ಅಂಗವಾಗಿತ್ತು. ಅನಂತರ ಜನಸಾಮಾನ್ಯರ ವಿನೋದಕ್ಕೂ ವಿದ್ಯಾರ್ಥಿಗಳ ತಿಳಿವಳಿಕೆಗೂ ಒದಗಿ ಬಂದಿತು. ಹತ್ತನೆಯ ಚಾಮರಾಜ ಒಡೆಯರವರ ಕಾಲದಲ್ಲಿ, 1892ರಲ್ಲಿ, ಸುಮಾರು ಹತ್ತು ಎಕರೆ ನೆಲದಲ್ಲಿ ಆರಂಭವಾದ ಮೈಸೂರಿನ ಮೃಗಾಲಯವು ಈ ಎರಡು ಅವಸ್ಥೆಗಳನ್ನೂ ಕಂಡಿದೆ. ಇದೀಗ ಮೂರನೆಯ ಅವಸ್ಥೆಯೊಂದು ಗೋಚರಿಸಿದೆ. ಮೃಗಾಲಯವನ್ನು ಕಟ್ಟಿ ನಡೆಸುವ ಕಾರ್ಯವೇ ಮಕ್ಕಳ ಆಟವಾಗಿ ಗಣಕಯಂತ್ರದ ತೆರೆಯ ಮೇಲೆ ಬಂದು ನಿಂತಿದೆ.

ಈ ಬಗೆಯ ಆಟಗಳಲ್ಲಿ ಮೊದಲು ಹೆಸರು ಮಾಡಿದುದು 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ 'ಜೂ ಟೈಕೂನ್'. ಇಂದು ಹೆಚ್ಚು ಪ್ರಚಾರದಲ್ಲಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿರುವ ಫ್ರಾಂಟಿಯರ್ ಸಂಸ್ಥೆಯು 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ 'ಪ್ಲಾನೆಟ್ ಜೂ'. ಆಡುವವನಿಗೆ ಬರಿಯ ನೆಲವೂ ಒಂದಿಷ್ಟು ಹಣವೂ ದೊರೆಯುತ್ತವೆ. ಬೇಲಿ ಹಾಕಿ, ಕೊಳ ತೋಡಿ, ಗಿಡಮರ ನೆಟ್ಟು, ತಂಗುವ ಮನೆ ಕಟ್ಟಿ ಪ್ರಾಣಿಗಳನ್ನು ತರಿಸಬೇಕು. ಪಾಲಕರನ್ನೂ ಪಶುವೈದ್ಯರನ್ನೂ ನೇಮಿಸಬೇಕು. ನೋಡಲು ಬರುವವರ ಟಿಕೇಟಿನ ಹಣದಿಂದ ಎಲ್ಲವನ್ನೂ ತೂಗಿಸಬೇಕು. ನಮ್ಮ ನಾಡಿನ ಹುಲಿ, ಆನೆ, ನವಿಲುಗಳು ಅದರಲ್ಲಿವೆ. 2021ರಲ್ಲಿ ಸೇರಿಸಲಾದ ಒಂದು ಕಂತಿನಲ್ಲಿ ಬಂಡೀಪುರದವರಿಗೆ ಚಿರಪರಿಚಿತವಾದ ಸೀಳುನಾಯಿಯೂ ಬಂದಿದೆ.

ಇಂತಹ ಆಟವು ಶಾಲೆಯ ಗಣಕ ಕೊಠಡಿಗೆ ಬರಬಹುದೆ, ಬಾರದೆ? ಊರುಕೇರಿಗಳ ಶಾಲೆಗಳಿಗೂ ದಾನಿಗಳ ಔದಾರ್ಯದಿಂದ ಗಣಕಯಂತ್ರಗಳು ಒದಗುತ್ತಿರುವ ಈ ದಿನಗಳಲ್ಲಿ ಇದು ಹುರುಳಿಲ್ಲದ ಪ್ರಶ್ನೆಯಲ್ಲ. ಕಾಲಹರಣವೆಂದು ಮೂಗು ಮುರಿಯುವ ಉಪಾಧ್ಯಾಯರುಂಟು. ಪಠ್ಯಪುಸ್ತಕಕ್ಕಿಂತ ಹೆಚ್ಚಿನ ಪ್ರಾಣಿಶಾಸ್ತ್ರ ಅದರಿಂದ ದೊರೆಯುವುದೆಂದು ಹೊಗಳುವ ತಂದೆತಾಯಿಗಳೂ ಉಂಟು. ಆದರೆ ಇಬ್ಬರೂ ಮೂಲಪ್ರಶ್ನೆಯನ್ನು ಕೇಳುವುದಿಲ್ಲ. ತೆರೆಯ ಮೇಲೆ ಅಡ್ಡಾಡುವ ಆ ಪ್ರಾಣಿ ನಿಜವಾಗಿಯೂ ಪ್ರಾಣಿಯಂತೆ ವರ್ತಿಸುತ್ತದೆಯೆ? ಅದನ್ನು ಇರಿಸಿರುವ ಆವರಣ ಅದರ ಬಾಳಿಗೆ ಒಪ್ಪುವಂಥದೆ? ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಮಕ್ಕಳಿಗೆ ಆನೆ, ಹುಲಿಗಳು ಚಿತ್ರದ ವಿಷಯಗಳಲ್ಲ. ಹೊಲದ ಅಂಚಿನ ವಿಷಯಗಳು. ಅದೇ ಊರುಗಳಿಂದ ಓದಿ ಹೋಗಿ ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿದವರ ಮಕ್ಕಳಿಗಾದರೋ ಅವು ತೆರೆಯ ಮೇಲಿನ ಗೆಳೆಯರು. ಒಂದೇ ಮನೆತನದ ಎರಡು ಕವಲಿನ ಮಕ್ಕಳು ಒಂದೇ ಪ್ರಾಣಿಯ ವಿಚಾರದಲ್ಲಿ ಎರಡು ಬೇರೆ ಪಾಠಗಳನ್ನು ಕಲಿಯುತ್ತಿದ್ದಾರೆ.

ಮೊದಲು ಒಪ್ಪಬೇಕಾದುದನ್ನು ಒಪ್ಪೋಣ. ಈ ಆಟಗಳು ಹದಿನೆಂಟು ವರ್ಷಗಳಲ್ಲಿ ಬಹಳ ದೂರ ನಡೆದಿವೆ. 2001ರ ಆಟದಲ್ಲಿ ಪ್ರಾಣಿ ಸುಖವಾಗಿದ್ದರೆ ಅದರ ತಲೆಯ ಮೇಲೆ ಹಸಿರು ಬಣ್ಣದ ನಗುಮುಖವೊಂದು ಮೂಡುತ್ತಿತ್ತು. 2019ರ ಆಟ ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ಪ್ರತಿಯೊಂದು ಪ್ರಾಣಿಗೂ ಎಷ್ಟು ನೆಲ, ಎಷ್ಟು ನೀರು, ಎಷ್ಟು ಹುಲ್ಲು, ಎಷ್ಟು ಕಲ್ಲು ಬೇಕೆಂದು ಲೆಕ್ಕವಿದೆ. ಶಾಖದ ಮಿತಿಯಿದೆ. ಒಂಟಿಯಾಗಿ ಬಾಳುವ ಜೀವವೋ ಗುಂಪಿನಲ್ಲಿ ಬಾಳುವ ಜೀವವೋ ಎಂಬ ಭೇದವಿದೆ. ಒಡಹುಟ್ಟಿದವುಗಳಲ್ಲಿ ಸಂತಾನವಾದರೆ ಪೀಳಿಗೆ ಕುಂದುವುದೆಂಬ ಎಚ್ಚರಿಕೆಯಿದೆ. ಜನರ ಗದ್ದಲದಿಂದ ಪ್ರಾಣಿ ಬೆದರುತ್ತದೆ. ಆದಕಾರಣ ಹೊರಗಿನವರು ಒಳಗೆ ನೋಡಬಲ್ಲ, ಒಳಗಿನ ಜೀವಕ್ಕೆ ಹೊರಗು ಕಾಣದ ಗಾಜನ್ನು ಹಾಕಬಹುದು. ಪ್ರಾಣಿಗಳ ಯೋಗಕ್ಷೇಮ ಕೆಟ್ಟರೆ ನೋಡಲು ಬಂದವರೇ ಪ್ರತಿಭಟನೆಗೆ ನಿಲ್ಲುತ್ತಾರೆ!

ಇವೆಲ್ಲ ಆಟ ಕಟ್ಟಿದವರ ಕಲ್ಪನೆಯಿಂದ ಹುಟ್ಟಿದವಲ್ಲ. ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಎಂಬಾತನು 1907ರಲ್ಲಿ ಹ್ಯಾಂಬರ್ಗಿನ ಬಳಿ ಕಬ್ಬಿಣದ ಸರಳುಗಳನ್ನು ಕಿತ್ತು ಹಾಕಿ ಕಂದಕಗಳಿಂದ ಪ್ರಾಣಿಗಳನ್ನು ಬೇರ್ಪಡಿಸಿದ ಮೃಗೋದ್ಯಾನವನ್ನು ತೆರೆದನು. ಅದೇ ಮಾದರಿಯ ಬಯಲು ಆವರಣಗಳೇ ಮುಂದೆ ಮೈಸೂರಿಗೆ ಕೀರ್ತಿ ತಂದವು. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಎಂಬ ವಿದ್ವಾಂಸರು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಂಧನದಲ್ಲಿರುವ ಪ್ರಾಣಿಗೆ ಜಾಗದ ಅಳತೆಗಿಂತ ಜಾಗದ ಗುಣ ಮುಖ್ಯವೆಂದೂ, ಪ್ರತಿಯೊಂದು ಪ್ರಾಣಿಗೂ ಮನುಷ್ಯ ಇಷ್ಟು ಸಮೀಪ ಬಂದರೆ ಓಡಬೇಕೆನಿಸುವ ಒಂದು ಅಂತರ ಉಂಟೆಂದೂ ನಿರೂಪಿಸಿದರು. ಬಾಲಕನೊಬ್ಬನು ಆಟದಲ್ಲಿ ಹುಲಿಯ ಆವರಣದ ಮೂಲೆಯಲ್ಲಿ ಬಿದಿರು ಮೆಳೆಯೊಂದನ್ನು ನೆಟ್ಟು ಅದಕ್ಕೆ ಮರೆ ಮಾಡಿಕೊಡುವಾಗ, ಅರಿಯದೆಯೇ ಹೆಡಿಗರ್ ಅವರ ಶಿಷ್ಯನಾಗಿರುತ್ತಾನೆ. ಇದನ್ನು ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮೈಸೂರಿನ ಪೋಲೋ ಎಂಬ ಗೊರಿಲ್ಲಾದ ಕಥೆಯನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಡಬ್ಲಿನ್ ಮೃಗಾಲಯದಿಂದ ಬಂದ ಆ ಗಂಡು ಗೊರಿಲ್ಲಾ ವರ್ಷಗಟ್ಟಲೆ ದೇಶದ ಏಕೈಕ ಗೊರಿಲ್ಲಾ ಎನ್ನಿಸಿಕೊಂಡು ಬಾಳಿ 2014ರಲ್ಲಿ ಅಸುನೀಗಿತು. ಏಕೈಕ ಎಂಬುದು ನೋಡುಗರಿಗೆ ಹೆಮ್ಮೆಯ ಮಾತು. ಗುಂಪಿನಲ್ಲಿ ಬಾಳಬೇಕಾದ ಆ ಜೀವಕ್ಕೆ ಅದು ಎಂತಹ ಮಾತೋ! ಅದಕ್ಕೆ ಜೊತೆ ಒದಗಿಸಲು ಪ್ರಯತ್ನಗಳು ನಡೆದರೂ ಕೈಗೂಡಲಿಲ್ಲ. 2021ರಲ್ಲಿ ಜರ್ಮನಿಯಿಂದ ತಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದಾಗ, ಒಂದರ ಬದಲು ಎರಡು ಏಕೆ ಎಂದು ಕೇಳಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ. ಇಂದಿನ ಆಟದಲ್ಲಿ ಒಂಟಿ ಗೊರಿಲ್ಲಾವನ್ನು ಇರಿಸಿದ ಬಾಲಕನಿಗೆ ಒಡನೆಯೇ ಎಚ್ಚರಿಕೆ ಬರುತ್ತದೆ. ಈ ಒಂದು ವಿಷಯದಲ್ಲಿ ಆಟವು ನಮ್ಮ ಹಿಂದಿನ ಮೃಗಾಲಯಗಳಿಗಿಂತ ನಿಷ್ಠುರವಾದ ಗುರುವೆಂದೇ ಹೇಳಬೇಕು.

ಇರಲಿ. ಹೊಗಳಿಕೆ ಇಲ್ಲಿಗೆ ನಿಲ್ಲಬೇಕಾಗಿದೆ. ಏಕೆಂದರೆ, ಆಟದ ಪ್ರಾಣಿಗೆ ಅಗತ್ಯಗಳಿವೆ, ಇಚ್ಛೆಯಿಲ್ಲ. ಪಟ್ಟಿಯಲ್ಲಿರುವ ಹತ್ತು ಅಗತ್ಯಗಳನ್ನು ಪೂರೈಸಿದರೆ ಅದು ನೂರಕ್ಕೆ ನೂರು ಸುಖಿ. ಪಟ್ಟಿಯ ಹೊರಗೆ ಅದು ಏನನ್ನೂ ಬಯಸುವುದಿಲ್ಲ, ಯಾವುದನ್ನೂ ಒಲ್ಲೆನೆನ್ನುವುದಿಲ್ಲ. ಮೈಮೇಲಿನ ಕೂದಲು ಒಂದೊಂದೂ ಗಾಳಿಗೆ ಅಲುಗುವಂತೆ ಬಿಡಿಸಿರುವುದನ್ನೇ ಸಹಜತೆಯೆಂದು ಮೆಚ್ಚುವವರು ಈ ಕೊರತೆಯನ್ನು ಗಮನಿಸುವುದಿಲ್ಲ.

ಸೀಳುನಾಯಿಯನ್ನೇ ತೆಗೆದುಕೊಳ್ಳೋಣ. ಇದರ ಬಾಳನ್ನು ಕುರಿತ ವೈಜ್ಞಾನಿಕ ಅಧ್ಯಯನಕ್ಕೂ ಬಂಡೀಪುರಕ್ಕೂ ಇರುವ ನಂಟು ಹೆಮ್ಮೆ ಪಡತಕ್ಕದ್ದು. ದಿವಂಗತ ಎ. ಜೆ. ಟಿ. ಜಾನ್‌ಸಿಂಗ್ ಅವರು 1976ರಿಂದ 1978ರವರೆಗೆ ಬಂಡೀಪುರದಲ್ಲಿ ಬೀಡುಬಿಟ್ಟು ಸೀಳುನಾಯಿಗಳ ಹಿಂದೆ ಕಾಲ್ನಡೆಯಲ್ಲಿ ಅಲೆದರು. ಅದುವರೆಗೆ ಬೇಟೆಗಾರರ ಬರಹಗಳಲ್ಲಿ ಕ್ರೂರಪ್ರಾಣಿಯೆಂದು ಹೀಗಳೆಯಲ್ಪಟ್ಟಿದ್ದ, ಕೊಂದವರಿಗೆ ಇನಾಮು ಕೊಡುತ್ತಿದ್ದ ಈ ಜೀವಿಯ ಕೌಟುಂಬಿಕ ನಡವಳಿಕೆಯನ್ನು ಅವರು ಲೋಕದ ಮುಂದಿಟ್ಟರು. ಹಿಂಡಿನಲ್ಲಿ ಒಂದು ತಾಯಿ ಮರಿ ಹಾಕಿದರೆ ಹೆರದ ಇತರ ನಾಯಿಗಳೂ ತಿಂದ ಮಾಂಸವನ್ನು ತಂದು ಕಕ್ಕಿ ಮರಿಗಳಿಗೆ ಉಣಿಸುತ್ತವೆ, ತಾಯಿಗೂ ಕೊಡುತ್ತವೆ. ಚೆದುರಿದ ಹಿಂಡು ಸಿಳ್ಳಿನಂತಹ ಕೂಗಿನಿಂದ ಮತ್ತೆ ಕೂಡಿಕೊಳ್ಳುತ್ತದೆ. ಇವುಗಳ ಬಾಳಿನ ಮುಕ್ಕಾಲು ಪಾಲು ಬೇಟೆಯ ಸುತ್ತಲೇ ಹೆಣೆದುಕೊಂಡಿದೆ. ಯಾವ ಹಾದಿ ಹಿಡಿಯಬೇಕು, ಯಾವ ಚುಕ್ಕಿಜಿಂಕೆಯನ್ನು ಬೆನ್ನಟ್ಟಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬುದೇ ಅವುಗಳ ವಿದ್ಯೆ. ಆಟದಲ್ಲಾದರೋ ಪಾಲಕನು ಹೊತ್ತಿಗೆ ಸರಿಯಾಗಿ ಮಾಂಸ ತಂದು ಇಡುತ್ತಾನೆ; ಬೇಸರ ಕಳೆಯಲು ಚೆಂಡು ಉರುಳಿಸುತ್ತಾನೆ. ನಿಜವಾದ ಮೃಗಾಲಯದಲ್ಲೂ ಹಾಗೆಯೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು, ಹಾಗೆಯೇ. ಆದರೆ ನಿಜವಾದ ಮೃಗಾಲಯದಲ್ಲಿ ಬೇಟೆಯಿಲ್ಲದ ಪ್ರಾಣಿ ಆವರಣದ ಅಂಚಿನಲ್ಲಿ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಸುಳಿದಾಡತೊಡಗುತ್ತದೆ. ಹುಲ್ಲು ಸವೆದು ಹಾದಿ ಬೀಳುತ್ತದೆ. ಕಣ್ಣುಳ್ಳ ವಿದ್ಯಾರ್ಥಿಗೆ ಆ ಸವೆದ ಹಾದಿಯೇ ಒಂದು ಪಾಠ. ಆಟದಲ್ಲಿ ಬಾಲಕನ ಕಣ್ಣಿಗೆ ಮೊದಲು ಬೀಳುವುದು ಶೇಕಡಾ ಲೆಕ್ಕದ ಪಟ್ಟಿ. ಪಟ್ಟಿ ಹಸಿರಾಗಿದ್ದರೆ ಪ್ರಾಣಿಯ ಕಡೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಗಿಡಮರಗಳ ಕಥೆಯೂ ಇಷ್ಟೇ. ಆಟದಲ್ಲಿ ನೆಟ್ಟ ಗಿಡ ನೆಟ್ಟಲ್ಲಿಯೇ ಇರುತ್ತದೆ. ಬಂಡೀಪುರದಲ್ಲಿ ಹೊರನಾಡಿನಿಂದ ಬಂದ ಲಂಟಾನ ಮರಗಳ ಅಡಿಯನ್ನೆಲ್ಲ ಆಕ್ರಮಿಸಿ ಹುಲ್ಲನ್ನು ನುಂಗಿ ಹಾಕಿರುವುದನ್ನು ಸಫಾರಿಗೆ ಹೋದವರೆಲ್ಲರೂ ಕಂಡಿದ್ದಾರೆ.

ಆನೆಯ ವಿಚಾರದಲ್ಲಿ ಅಂತರ ಇನ್ನೂ ಹಿರಿದು. ಆಟದ ಆನೆ ಹಣ ಕೊಟ್ಟರೆ ಬರುತ್ತದೆ. ಬಯಲು, ಕೆಸರು, ನೀರು ದೊರೆತರೆ ತಣ್ಣಗಿರುತ್ತದೆ. ಗಂಡಾನೆಗೆ ಮದವೇರುವುದಿಲ್ಲ. ಕೆಲವು ನಿಮಿಷಗಳಲ್ಲಿ ಒಂದು ವರ್ಷ ಉರುಳುವ ಆ ಕಾಲಮಾನದಲ್ಲಿ ಇಪ್ಪತ್ತು ಇಪ್ಪತ್ತೆರಡು ತಿಂಗಳ ಗರ್ಭವೂ, ಅಜ್ಜಿಯಾನೆಯಿಂದ ಮೊಮ್ಮಗಳು ಹಾದಿ ಕಲಿಯುವ ದಶಕಗಳೂ ಒಂದು ಸಂಜೆಯೊಳಗೆ ಮುಗಿದು ಹೋಗುತ್ತವೆ. ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರವು ಹುಲಿಯ ಒಂದು ಜೋಡಿಗೆ ಕನಿಷ್ಠ 1000 ಚದರ ಮೀಟರಿನ ಬಯಲು ಬೇಕೆಂದು ಗೊತ್ತುಪಡಿಸಿದೆ. ಆನೆಯ ವಿಚಾರದಲ್ಲಿ ಮಾತ್ರ 2009ರಲ್ಲಿ, ಮೃಗಾಲಯಗಳಿಂದಲೂ ಸರ್ಕಸ್ಸುಗಳಿಂದಲೂ ಅವನ್ನು ಆನೆಬಿಡಾರಗಳಿಗೆ ಸಾಗಿಸಬೇಕೆಂದು ಸೂಚಿಸಿತು. ಆ ಸೂಚನೆ ಪೂರ್ಣವಾಗಿ ಜಾರಿಯಾಗಿಲ್ಲ. ಮೈಸೂರೂ ಸೇರಿದಂತೆ ಕೆಲವೆಡೆ ಆನೆಗಳು ಇವೆ. ಆದರೂ, ಎಷ್ಟು ದೊಡ್ಡ ಆವರಣ ಕಟ್ಟಿದರೂ ಸಾಲದ ಒಂದು ಪ್ರಾಣಿ ಇರಬಹುದು ಎಂಬ ವಿಚಾರವನ್ನು ಒಂದು ಸರ್ಕಾರಿ ಸಂಸ್ಥೆ ಬರಹದಲ್ಲಿ ಒಪ್ಪಿಕೊಂಡಿತು. ಆಟದಲ್ಲಿ ಅಂತಹ ಪ್ರಾಣಿಯೇ ಇಲ್ಲ. ಅಲ್ಲಿ ಎಲ್ಲದಕ್ಕೂ ಒಂದು ಸರಿಯಾದ ಅಳತೆ ಉಂಟು.

ಹುಲಿಗೆ ಹೇಳಿದ 1000 ಚದರ ಮೀಟರೆಂದರೆ ರೈತರ ಲೆಕ್ಕದಲ್ಲಿ ಸುಮಾರು ಹತ್ತು ಗುಂಟೆ. ಬಲಿಪ್ರಾಣಿಗಳು ಸಮೃದ್ಧವಾಗಿರುವ ಬಂಡೀಪುರ, ನಾಗರಹೊಳೆಗಳಂತಹ ಕಾಡಿನಲ್ಲಿ ಒಂದು ಹೆಣ್ಣುಹುಲಿಯ ಸೀಮೆ ಹದಿನೈದು ಇಪ್ಪತ್ತು ಚದರ ಕಿಲೋಮೀಟರು, ಅಂದರೆ ಸುಮಾರು ನಾಲ್ಕು ಸಾವಿರ ಎಕರೆ. ಈ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದರೆ ಉಪಾಧ್ಯಾಯರು ಬೇರೆ ವ್ಯಾಖ್ಯಾನ ಮಾಡಬೇಕಾಗಿಲ್ಲ.

ಈಗ ಬೇಲಿಯ ಮಾತು. ಆಟದಲ್ಲಿ ಬೇಲಿಗೆ ದರ್ಜೆಗಳುಂಟು. ಮರದ್ದು, ತಂತಿಯದು, ಗಾಜಿನದು, ಗಾರೆಯದು. ಒಂದಕ್ಕಿಂತ ಒಂದು ಬಲ. ಕಾಲಕ್ರಮದಲ್ಲಿ ಸವೆಯುತ್ತದೆ, ದುರಸ್ತಿಗಾರನು ಬಂದು ಸರಿಪಡಿಸುತ್ತಾನೆ. ಇದಿಷ್ಟೂ ನಿಜವೇ. ಆದರೆ ಬಂಡೀಪುರದ ಅಂಚಿನಲ್ಲಿ ಬೇಲಿಯ ಇತಿಹಾಸವೆಂದರೆ ಆನೆಯ ಕಲಿಕೆಯ ಇತಿಹಾಸ. ಕಂದಕ ತೋಡಿದರು, ಆನೆ ದಡವನ್ನು ಕಾಲಿನಿಂದ ಕೆಡವಿ ಮಣ್ಣು ತುಂಬಿಸಿ ಇಳಿದು ಹತ್ತಿತು. ಸೌರವಿದ್ಯುತ್ತಿನ ಬೇಲಿ ಬಂದಿತು. ಸಲಗವು ತನ್ನ ದಂತಕ್ಕೆ ವಿದ್ಯುತ್ತು ತಾಗದೆಂಬುದನ್ನು ಕಂಡುಕೊಂಡು ದಂತದಿಂದಲೇ ತಂತಿ ಕಿತ್ತಿತು, ಮರವನ್ನು ತಂತಿಯ ಮೇಲೆ ಉರುಳಿಸಿ ದಾಟಿತು. ಹಳೆಯ ರೈಲುಕಂಬಿಗಳ ತಡೆಗೋಡೆ ಬಂದಿತು. ಅದನ್ನೂ ಹತ್ತಿ ದಾಟಲು ಹೆಣಗಿದ ಆನೆಗಳುಂಟು. ರಾಮನ್ ಸುಕುಮಾರ್ ಅವರು 1980ರ ದಶಕದ ಆದಿಯಲ್ಲಿ ಚಾಮರಾಜನಗರ, ಸತ್ಯಮಂಗಲ ಅರಣ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಹಿಂಡಿನ ಹೆಣ್ಣಾನೆಗಳಿಗಿಂತ ಪ್ರಾಯದ ಗಂಡಾನೆಗಳೇ ಹೆಚ್ಚಾಗಿ ಹೊಲಕ್ಕೆ ನುಗ್ಗುತ್ತವೆಂದು ಕಂಡುಬಂದಿತು. ರಾಗಿಯಂತಹ ಪೈರಿನಲ್ಲಿ ಕಾಡಿನ ಹುಲ್ಲಿಗಿಂತ ಹೆಚ್ಚಿನ ಸತ್ತ್ವವಿದೆ; ಆ ಸತ್ತ್ವಕ್ಕಾಗಿ ಗಂಡಾನೆ ಜೀವವನ್ನೇ ಪಣಕ್ಕೊಡ್ಡುತ್ತದೆ. ಆಟದ ಪ್ರಾಣಿ ಬೇಲಿ ಮುರಿಯುವುದು ಒಳಗೆ ಏನೋ ಕೊರತೆಯಾದಾಗ. ನಿಜವಾದ ಸಲಗ ಬೇಲಿ ಮುರಿಯುವುದು ಒಳಗೆ ಕೊರತೆ ಇರುವುದರಿಂದಲೇ ಎನ್ನುವಂತಿಲ್ಲ. ಹೊರಗೆ ಉತ್ತಮವಾದುದು ಇರುವುದರಿಂದ. ಈ ಒಂದು ಭೇದವನ್ನು ಯಾವ ಆಟವೂ ಇದುವರೆಗೆ ಹಿಡಿದಿಲ್ಲ. ಹಂಗಳ, ಮೇಲುಕಾಮನಹಳ್ಳಿಗಳ ಕಡೆಯ ಮಗುವಿಗಾದರೋ ಅದು ಅಜ್ಜನ ಅಟ್ಟಣೆಯ ಮೇಲೆ ಕುಳಿತು ಕಲಿತ ಮೊದಲ ಪಾಠ.

ಇನ್ನು, ಆಟದಲ್ಲಿ 'ಕಾಡಿಗೆ ಬಿಡುಗಡೆ' ಎಂಬ ಒಂದು ಗುಂಡಿಯಿದೆ. ಬೆಳೆದ ಪ್ರಾಣಿಯನ್ನು ಆರಿಸಿ ಅದನ್ನು ಒತ್ತಿದರೆ ಪ್ರಾಣಿ ಮಾಯವಾಗುತ್ತದೆ. ಆಡುವವನ ಖಾತೆಗೆ ಸಂರಕ್ಷಣೆಯ ಪುಣ್ಯಾಂಕಗಳು ಜಮೆಯಾಗುತ್ತವೆ. ಸದುದ್ದೇಶದಿಂದಲೇ ಇಟ್ಟಿರಬಹುದು. ಆದರೆ ಇಡೀ ಆಟದಲ್ಲಿ ಇದಕ್ಕಿಂತ ಅವಾಸ್ತವವಾದುದು ಮತ್ತೊಂದಿಲ್ಲ. ಆಟ ಬಿಡುಗಡೆಯಾಗುವುದಕ್ಕೆ ಸ್ವಲ್ಪ ಮುಂಚೆ, 2019ರಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಸುತ್ತಿನಲ್ಲಿ ಹುಲಿಯೊಂದು ಇಬ್ಬರು ಗ್ರಾಮಸ್ಥರನ್ನು ಬಲಿ ತೆಗೆದುಕೊಂಡಿತು. ಸಾಕಾನೆಗಳನ್ನು ತರಿಸಿ ದಿನಗಟ್ಟಲೆ ಹುಡುಕಿ, ಅರಿವಳಿಕೆ ಚುಚ್ಚಿ ಅದನ್ನು ಸೆರೆಹಿಡಿದು ಮೈಸೂರಿಗೆ ಸಾಗಿಸಿದರು. ಹಾಗೆ ಸೆರೆಯಾದ ಹುಲಿ, ಚಿರತೆಗಳಿಗಾಗಿ ಮೈಸೂರು ಮೃಗಾಲಯದ ಆಡಳಿತದಲ್ಲಿ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರವೊಂದಿದೆ. ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಟಿಕೇಟಿಲ್ಲ, ಹೊಗಳುವವರಿಲ್ಲ. ಮನುಷ್ಯರನ್ನು ಕೊಂದ ಹುಲಿಯನ್ನು ಯಾವ ಕಾಡಿಗೆ ಬಿಡುವುದು? ಬಿಟ್ಟ ಕಾಡಿನ ಅಂಚಿನಲ್ಲೂ ಒಂದು ಹಳ್ಳಿ ಇದ್ದೇ ಇರುತ್ತದೆ. ಕಾಡಿನೊಳಗೆ ಆ ಸೀಮೆಯನ್ನು ಆಳುತ್ತಿರುವ ಇನ್ನೊಂದು ಹುಲಿಯೂ ಇರುತ್ತದೆ. ಗುಂಡಿ ಒತ್ತಿದ ಬಾಲಕನಿಗೆ ಇವರಾರೂ ಕಾಣಿಸರು. ಆವರಣ ಮುರಿದು ಹೊರಬಂದ ಹುಲಿಯಿಂದಲೂ ಆ ಆಟದಲ್ಲಿ ಯಾರೂ ಸಾಯುವುದಿಲ್ಲ. ಜನ ಓಡುತ್ತಾರೆ, ಮೃಗಾಲಯದ ಸಿಬ್ಬಂದಿ ಅರಿವಳಿಕೆ ಹಾರಿಸುತ್ತಾರೆ, ಮರುಕ್ಷಣ ಎಲ್ಲವೂ ಮೊದಲಿನಂತೆ.

ಮಕ್ಕಳ ಆಟದಲ್ಲಿ ಸಾವನ್ನು ತೋರಿಸಬೇಕೆಂಬುದು ಇಲ್ಲಿನ ವಾದವಲ್ಲ. ನೆರೆಯವನನ್ನು ತೋರಿಸಬೇಕೆಂಬುದಷ್ಟೇ. ಬಂಡೀಪುರವು 1931ರಲ್ಲಿ ವೇಣುಗೋಪಾಲ ವನ್ಯಮೃಗಧಾಮದ ಹೆಸರಿನಲ್ಲಿ ರೂಪುಗೊಂಡು, 1973ರಲ್ಲಿ ಹುಲಿ ಯೋಜನೆಯ ಮೊದಲ ತಾಣಗಳಲ್ಲಿ ಒಂದಾಗಿ ಇಂದಿನ ಸ್ಥಿತಿಗೆ ಬರಲು ಅರಣ್ಯ ಸಿಬ್ಬಂದಿ ದುಡಿದಿದ್ದಾರೆ, ನಿಜ. ಅಂಚಿನ ರೈತರು ತಮ್ಮ ಬೆಳೆಯಿಂದಲೂ ದನಕರುಗಳಿಂದಲೂ ಅದಕ್ಕೆ ಸಲ್ಲಿಸುತ್ತಿರುವ ಪಾಲು ಯಾವ ದಾನಿಗಳ ಪಟ್ಟಿಯಲ್ಲೂ ಅಚ್ಚಾಗಿಲ್ಲ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಹೆದ್ದಾರಿಯ ಸಂಚಾರ ನಿಲ್ಲಿಸಿರುವುದು ಪ್ರಾಣಿಗಳಿಗೆ ದೊರೆತ ಒಂದು ನೆಮ್ಮದಿ. ಗದ್ದಲದಿಂದ ಪ್ರಾಣಿ ಬೆದರುವುದೆಂದು ಆಟದಲ್ಲಿ ಕಲಿತ ಪಟ್ಟಣದ ಬಾಲಕನು ಈ ನಿಷೇಧದ ಅರ್ಥವನ್ನು ಅವನ ತಂದೆಗಿಂತ ಬೇಗ ಗ್ರಹಿಸಿದರೆ ಆಶ್ಚರ್ಯವಿಲ್ಲ. ಅಷ್ಟರಮಟ್ಟಿಗೆ ಆಟ ಉಪಕಾರಿ.

ಆದುದರಿಂದ ಆಟವನ್ನು ಶಾಲೆಯಿಂದ ಹೊರಗಿಡುವುದಕ್ಕಿಂತ ಅದರ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವನ್ನಿಡುವುದು ಮೇಲು. ಪ್ರಾಣಿಗಳ ನಡವಳಿಕೆಯನ್ನು ದಾಖಲಿಸುವ ಕ್ರಮವನ್ನು ಜೀನ್ ಆಲ್ಟ್‌ಮನ್ ಎಂಬ ವಿದುಷಿ 1974ರಲ್ಲಿ ಶಾಸ್ತ್ರಬದ್ಧಗೊಳಿಸಿದರು. ಅದರ ತಿರುಳು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಎಟುಕುವಂಥದು. ಐದು ನಿಮಿಷಕ್ಕೊಮ್ಮೆ ಕಣ್ಣೆತ್ತಿ, ಆ ಕ್ಷಣದಲ್ಲಿ ಪ್ರಾಣಿ ಏನು ಮಾಡುತ್ತಿದೆಯೋ ಅಷ್ಟನ್ನೇ ಬರೆಯುವುದು: ಮಲಗಿದೆ, ನಡೆಯುತ್ತಿದೆ, ತಿನ್ನುತ್ತಿದೆ, ಕಾಣಿಸುತ್ತಿಲ್ಲ. ಒಂದು ಗಂಟೆ ಆಟದ ಹುಲಿಯನ್ನು ಹೀಗೆ ನೋಡಲಿ. ಒಂದು ಗಂಟೆ ಮೈಸೂರಿನ ಕಂದಕದಾಚೆಯ ಹುಲಿಯನ್ನು ನೋಡಲಿ. ಮೂರನೆಯ ಹಾಳೆಯಲ್ಲಿ ಕಾಡಂಚಿನ ಊರಿನ ಸಹಪಾಠಿಯು ತನ್ನ ಮನೆಯ ಹಿರಿಯರನ್ನು ಕೇಳಿ ತಿಳಿದುದನ್ನು ಬರೆಯಲಿ: ಯಾವ ತಿಂಗಳಲ್ಲಿ ಆನೆ ಬರುತ್ತದೆ, ಯಾವ ಪೈರಿಗೆ, ಎಷ್ಟು ಹೊತ್ತಿಗೆ, ಬೇಲಿಯ ಯಾವ ಕಡೆಯಿಂದ. ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಆ ಹುಡುಗನು ಅಂದು ತರಗತಿಯ ಮುಂದೆ ನಿಂತು ವಿವರಿಸಬೇಕಾದೀತು. ಗಣಕಯಂತ್ರ ಕೊಡಿಸುವ ಮಹನೀಯರು ಅದರ ಜೊತೆಗೆ ವರ್ಷಕ್ಕೊಮ್ಮೆ ಮೈಸೂರಿಗೆ ಬಸ್ಸಿನ ಖರ್ಚನ್ನೂ ಕೊಡಿಸಿದರೆ ಕೊಡುಗೆ ಪೂರ್ಣವಾದಂತೆ. ಗುಂಡ್ಲುಪೇಟೆಯಿಂದ ಮೈಸೂರು ಅರವತ್ತು ಕಿಲೋಮೀಟರಿನ ಆಸುಪಾಸು. ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ಬೇರೆ ದಿನ, ಬಿಸಿಲೇರಿ ಹುಲಿ ಮಲಗುವುದಕ್ಕೆ ಮುಂಚೆ, ಬಾಗಿಲು ತೆರೆಯುವ ಹೊತ್ತಿಗೇ ತಲುಪುವಂತೆ ಹೊರಡುವುದು ಒಳ್ಳೆಯದು.